ನಡುಹಗಲಿನ ಮೂರು ಚುಕ್ಕೆಗಳು



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಮಾರ್ಕೋನಿಯ ಪಾಠ ನೆನಪಿರಬಹುದು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನಿಂದ ಹೊರಟ ನಿಸ್ತಂತು ಸಂಕೇತವನ್ನು ಆತ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ ಕೇಳಿಸಿಕೊಂಡನು ಎಂಬ ವಾಕ್ಯವನ್ನು ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಬರೆಸಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕಗಳನ್ನೂ ಕೊಟ್ಟಿದ್ದೇನೆ. ಆ ವಾಕ್ಯಕ್ಕೆ ಒಂದು ತಿದ್ದುಪಡಿ ಬರೆಯಬೇಕಾದ ಋಣ ನನ್ನ ಮೇಲೆ ಉಳಿದಿದೆ. ಅದನ್ನು ಇಂದು ತೀರಿಸುತ್ತಿದ್ದೇನೆ.

ಋಣ ಎನ್ನಲು ಕಾರಣವಿದೆ. 1979ರಲ್ಲಿರಬೇಕು, ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸರ್, ಅವರು ಕೇಳಿದ್ದು ರಾತ್ರಿಯೋ ಹಗಲೋ?" ಎಂದು ಪ್ರಶ್ನಿಸಿದನು. ಮಧ್ಯಾಹ್ನ ಹನ್ನೆರಡೂವರೆಗೆ ಎಂದು ನಾನು ಹೇಳಿದೆನು. "ನಮ್ಮ ಮನೆಯ ರೇಡಿಯೋದಲ್ಲಿ ಹಗಲು ಹೊತ್ತು ಬೆಂಗಳೂರೇ ಬರುವುದಿಲ್ಲವಲ್ಲ ಸರ್, ಅವರಿಗೆ ಸಮುದ್ರದಾಚೆಯದು ಹೇಗೆ ಬಂತು?" ಎಂದನು ಆತ. ತರಗತಿ ನಕ್ಕಿತು. ಮಾರ್ಕೋನಿಯ ಯಂತ್ರ ನಿನ್ನ ಮನೆಯ ರೇಡಿಯೋದಂಥದಲ್ಲ, ಕುಳಿತುಕೋ ಎಂದೆನು. ಹುಡುಗ ಕುಳಿತನು. ಉತ್ತರ ತಿಳಿಯದೆ ಗದರಿಸುವುದು ನಮ್ಮ ವೃತ್ತಿಯ ಹಳೆಯ ದೋಷ. ಆ ದಿನ ನಾನು ಮಾಡಿದ್ದೂ ಅದನ್ನೇ.

ಆ ಹುಡುಗನ ಮಾತು ಅನುಭವದಿಂದ ಬಂದದ್ದು. ಉತ್ತರ ಕನ್ನಡದ ಕರಾವಳಿಯಲ್ಲಿ ರೇಡಿಯೋ ಇದ್ದ ಮನೆಯವರಿಗೆಲ್ಲ ಗೊತ್ತಿದ್ದ ವಿಚಾರವದು. ನನ್ನ ಬಾಲ್ಯದಲ್ಲಿ ನಮ್ಮ ಕೇರಿಗೆ ಇದ್ದದ್ದು ಒಂದೇ ರೇಡಿಯೋ. ಮಾವನವರ ಮನೆಯ ಜಗಲಿಯ ಗೂಡಿನಲ್ಲಿ, ಕಸೂತಿಯ ಬಟ್ಟೆ ಹೊದ್ದು ಕುಳಿತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಒಂದು ದನಿ. ಬೆಂಗಳೂರು, ಮದರಾಸು, ಹೈದರಾಬಾದು, ಹೆಸರು ತಿಳಿಯದ ಊರುಗಳು, ಒಂದರ ಮೇಲೊಂದು ಸಂತೆಯಂತೆ ನೆರೆಯುತ್ತಿದ್ದವು. ಬೆಳಿಗ್ಗೆ ಬಿಸಿಲೇರಿತೆಂದರೆ ಸಂತೆ ಕರಗಿ ಹೋಗುತ್ತಿತ್ತು. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರ ಘಟ್ಟದ ಮೇಲಿಂದ ಹೇಗೋ ಇಳಿದು ಬರುತ್ತಿತ್ತು. 1955ರಲ್ಲಿ ಆರಂಭವಾದ ಬೆಂಗಳೂರು ಮಾತ್ರ ಹಗಲಿನಲ್ಲಿ ಮೌನ. ಆದರೆ ಬೆಂಗಳೂರಿಗಿಂತ ದೂರವಿದ್ದ ಮುಂಬಯಿ ನಡುಮಧ್ಯಾಹ್ನವೂ ಕೇಳಿಸುತ್ತಿತ್ತು! ನಮ್ಮ ಅಜ್ಜಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕೇರಿಯ ಪ್ರತಿ ಮನೆಯಿಂದ ಒಬ್ಬನಾದರೂ ಮುಂಬಯಿಯ ಹೋಟೆಲಿನಲ್ಲೋ ಗಿರಣಿಯಲ್ಲೋ ಇದ್ದಾನೆ, ಬೆಂಗಳೂರಿನಲ್ಲಿ ನಮ್ಮವರು ಯಾರಿದ್ದಾರೆ ಎಂಬುದು ಅವರ ವಾದ.

ಕಾರಣ ನಮ್ಮ ಮನೆಯಿಂದ ನೂರು ಹೆಜ್ಜೆಯ ದೂರದಲ್ಲೇ ಇತ್ತು. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲವನ್ನು ತಬ್ಬಿಕೊಂಡು ಸಾಗುತ್ತವೆ. ನೆಲ ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಹರಿಯಬಿಡುತ್ತದೆಯೋ ಅಷ್ಟು ದೂರ ಅವುಗಳ ಪಯಣ. ಒಣ ಕಲ್ಲುನೆಲಕ್ಕಿಂತ ಸಮುದ್ರದ ಉಪ್ಪುನೀರು ಸಾವಿರಾರು ಪಟ್ಟು ಉತ್ತಮ ವಾಹಕ. ಮುಂಬಯಿಯಿಂದ ನಮ್ಮೂರಿಗೆ ಸುಮಾರು ಐನೂರು ಕಿಲೋಮೀಟರ್ ಉದ್ದಕ್ಕೂ ಅರಬ್ಬೀ ಸಮುದ್ರದ ರಾಜಮಾರ್ಗವಿದೆ. ಬೆಂಗಳೂರಿನಿಂದ ಬರಬೇಕಾದ ತರಂಗವೋ, ಬಯಲುಸೀಮೆಯ ಒಣನೆಲದಲ್ಲಿ ಸೊರಗಿ, ಸಹ್ಯಾದ್ರಿಯ ಕಲ್ಲು ಕಾಡುಗಳಲ್ಲಿ ಉಸಿರು ಬಿಡುತ್ತಿತ್ತು. ಘಟ್ಟದ ಮೇಲಿನ ಶಿರಸಿಯಲ್ಲಿದ್ದ ನಮ್ಮ ಬಂಧುಗಳ ಮನೆಯಲ್ಲಿ ಮುಂಬಯಿ ಹಗಲಿನಲ್ಲಿ ಹೀಗೆ ಕೇಳಿಸದೆ ಇದ್ದದ್ದೂ ಇದೇ ಕಾರಣಕ್ಕೆ. ಅವರು ನಮ್ಮ ಮಾತನ್ನು ಕೊನೆಯವರೆಗೂ ನಂಬಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ರೇಡಿಯೋ ಸಿಲೋನ್ ಹಗಲಿನಲ್ಲೂ ಊರೂರಿಗೆ ಕೇಳಿಸುತ್ತಿತ್ತಲ್ಲ, ಬೆಳಿಗ್ಗೆ ಎಂಟಕ್ಕೆ ಮುನ್ನ ಬರುತ್ತಿದ್ದ ಸೈಗಲ್ ಹಾಡನ್ನು ಕೇಳಿ ಗಡಿಯಾರ ಸರಿಪಡಿಸಿಕೊಂಡವರು ನಾವಲ್ಲವೇ ಎಂದು. ನಿಜ. 1952ರಲ್ಲಿ ಮಂತ್ರಿಗಳಾದ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ದೂರವಾದಾಗ ದೇಶವೆಲ್ಲ ಕೊಲಂಬೋದ ಕಡೆಗೆ ಕಿವಿ ತಿರುಗಿಸಿತು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆಯೂ ಆ ಚಟ ಬಿಡಲಿಲ್ಲ. ಆದರೆ ಆ ದನಿ ಬರುತ್ತಿದ್ದುದು ಕಿರುತರಂಗಗಳಲ್ಲಿ. ಅವುಗಳ ದಾರಿಯೇ ಬೇರೆ. ನಾನು ಹೇಳುತ್ತಿರುವುದು ರೇಡಿಯೋದ ಮೊದಲ ಗುಂಡಿಯ, ಮಧ್ಯಮ ತರಂಗದ ಮಾತು. ಮಾರ್ಕೋನಿಯ ಸಂಕೇತವೂ ಅದೇ ಜಾತಿಯದು. ಪೋಲ್ಡುವಿನ ಪ್ರೇಷಕದ ತರಂಗದ ಉದ್ದ ಸುಮಾರು 350 ಮೀಟರ್ ಎಂದು ಅನಂತರ ಹೇಳಲಾಯಿತು. ಅಂದರೆ 850 ಕಿಲೋಹರ್ಟ್ಸ್‌ನ ಆಸುಪಾಸು, ನಮ್ಮ ರೇಡಿಯೋದ ಮುಳ್ಳು ನಟ್ಟನಡುವೆ ನಿಲ್ಲುವ ಜಾಗ.

ಈಗ ಪಾಠದ ಕಥೆಗೆ ಬರೋಣ. ಪಠ್ಯಪುಸ್ತಕದ ನಾಲ್ಕು ಸಾಲಿನಲ್ಲಿ ಅದರ ರೋಚಕತೆ ಏನೂ ಇರಲಿಲ್ಲ.

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಪೋಲ್ಡು ಎಂಬ ಕಡಲಂಚಿನ ಊರು. ಅಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದ, ಆ ಕಾಲಕ್ಕೆ ದೈತ್ಯವೇ ಆದ ಕಿಡಿಯ ಪ್ರೇಷಕ. ಇಪ್ಪತ್ತು ಕಂಬಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿ ಕಟ್ಟಿದ್ದ ಅದರ ಆಂಟೆನಾ 1901ರ ಸೆಪ್ಟೆಂಬರ್ ತಿಂಗಳ ಬಿರುಗಾಳಿಗೆ ನೆಲಕಚ್ಚಿತು. ಎರಡೇ ಕಂಬಗಳ ನಡುವೆ ಬೀಸಣಿಗೆಯಂತೆ ತಂತಿಗಳನ್ನು ಇಳಿಬಿಟ್ಟು ತಾತ್ಕಾಲಿಕ ವ್ಯವಸ್ಥೆ ಮಾಡಿದರು. ಅಮೆರಿಕದ ಕೇಪ್ ಕಾಡ್‌ನಲ್ಲಿ ಎಬ್ಬಿಸಿದ್ದ ಜೋಡಿ ಆಂಟೆನಾವೂ ನವೆಂಬರ್‌ನಲ್ಲಿ ಬಿರುಗಾಳಿಗೇ ಬಲಿಯಾಯಿತು. ಬೇರೊಬ್ಬನಾಗಿದ್ದರೆ ಬೇಸಿಗೆಯವರೆಗೆ ಕಾಯುತ್ತಿದ್ದನು. ಇಪ್ಪತ್ತೇಳರ ಹರೆಯದ ಮಾರ್ಕೋನಿಗೆ ಆ ತಾಳ್ಮೆ ಇರಲಿಲ್ಲ. ಹೂಡಿದ ಹಣವೂ ಅಪಾರ. ಕೆಂಪ್ ಮತ್ತು ಪ್ಯಾಗೆಟ್ ಎಂಬ ಇಬ್ಬರು ಸಹಾಯಕರು, ಒಂದಿಷ್ಟು ಬಲೂನುಗಳು, ಗಾಳಿಪಟಗಳು, ಇಷ್ಟನ್ನೇ ಕಟ್ಟಿಕೊಂಡು ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಎಂಬ ಬಂದರಿನಲ್ಲಿ ಇಳಿದನು. ಊರಿನ ಮೇಲುಗಡೆಯ ಸಿಗ್ನಲ್ ಹಿಲ್ ಎಂಬ ಗುಡ್ಡದ ಹಳೆಯ ಆಸ್ಪತ್ರೆಯ ಕೋಣೆಯೊಂದರಲ್ಲಿ ಬಿಡಾರ ಹೂಡಿದನು.

ಬಲೂನನ್ನು ಗಾಳಿ ಹೊತ್ತೊಯ್ದಿತು, ಗಾಳಿಪಟವೂ ಒಂದು ಹೋಯಿತು. ಇನ್ನೊಂದು ಗಾಳಿಪಟ ಸುಮಾರು ಐನೂರು ಅಡಿ ತಂತಿಯನ್ನು ಎತ್ತಿ ಹಿಡಿದು ನಿಂತಿತು. ನಿಂತಿತು ಎನ್ನುವುದಕ್ಕಿಂತ ಕುಣಿಯಿತು ಎನ್ನುವುದೇ ಸರಿ. ತಂತಿ ಏರಿಳಿದಂತೆಲ್ಲ ಅದರ ವಿದ್ಯುತ್ ಗುಣ ಬದಲಾಗುತ್ತಿದ್ದುದರಿಂದ ಶ್ರುತಿ ಮಾಡಿದ ಗ್ರಾಹಕ ಕೆಲಸಕ್ಕೆ ಬಾರದೆ, ಶ್ರುತಿಯೇ ಇಲ್ಲದ ಸರಳ ಗ್ರಾಹಕವನ್ನು ಬಳಸಿ, ಮುದ್ರಿಸುವ ಯಂತ್ರದ ಬದಲು ಟೆಲಿಫೋನಿನ ಕಿವಿಗೊಳವೆಯನ್ನು ಹಚ್ಚಿಕೊಂಡು ಮಾರ್ಕೋನಿ ಕುಳಿತನು. ಪೋಲ್ಡುವಿನಲ್ಲಿ ನಿಗದಿಯಾದ ವೇಳೆಯಲ್ಲಿ ಮೋರ್ಸ್ ಲಿಪಿಯ ಎಸ್ ಅಕ್ಷರವನ್ನು, ಎಂದರೆ ಮೂರು ಚುಕ್ಕೆಗಳನ್ನು, ಮತ್ತೆ ಮತ್ತೆ ಒತ್ತುತ್ತಿದ್ದರು. ಹನ್ನೆರಡೂವರೆಗೆ ಆತನಿಗೆ ಮೂರು ಸಣ್ಣ ಟಿಕ್ ಸದ್ದುಗಳು ಕೇಳಿಸಿದವು. ಕಿವಿಗೊಳವೆಯನ್ನು ಕೆಂಪ್‌ನ ಕೈಗಿತ್ತನು. ಕೆಂಪ್‌ಗೂ ಕೇಳಿಸಿತು. ಒಂದು ಗಂಟೆ ಹತ್ತು ನಿಮಿಷಕ್ಕೆ ಮತ್ತೊಮ್ಮೆ, ಎರಡು ಗಂಟೆ ಇಪ್ಪತ್ತಕ್ಕೆ ಇನ್ನೊಮ್ಮೆ. ನಡುವಿನ ದೂರ ಸುಮಾರು 3,400 ಕಿಲೋಮೀಟರ್.

(ಆ ಗ್ರಾಹಕದ ಹೃದಯವಾದ ಪಾದರಸದ ಕೊಹಿಯರರ್ ಎಂಬ ಪುಟ್ಟ ಸಾಧನ ಇಟಲಿಯ ನೌಕಾದಳದಿಂದ ಬಂದದ್ದೆಂದು ಹೇಳುತ್ತಿದ್ದರು. ಅಂಥದೇ ಸಾಧನದ ವಿವರವನ್ನು ನಮ್ಮ ಜಗದೀಶಚಂದ್ರ ಬೋಸರು 1899ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದರೆಂದು 1998ರಲ್ಲಿ ಪ್ರೊಬೀರ್ ಬಂದ್ಯೋಪಾಧ್ಯಾಯ ಎಂಬ ವಿದ್ವಾಂಸರು ದಾಖಲೆಗಳೊಡನೆ ವಾದಿಸಿದ್ದಾರೆ. ಅದು ಇನ್ನೊಂದು ದಿನದ ಬರಹವಾಗಬೇಕಾದ ವಿಷಯ.)

ಕೇಳಿದವರು ಇಬ್ಬರು. ಇಬ್ಬರೂ ಒಂದೇ ಕಂಪನಿಯವರು. ಏನು ಕೇಳಿಸಬೇಕೆಂಬುದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಕಾಗದದ ಮೇಲೆ ಮುದ್ರಿತವಾದ ಗುರುತು ಒಂದೂ ಇಲ್ಲ. ಮುಂದಿನ ಪ್ರಯೋಗಗಳನ್ನಾದರೂ ಅಲ್ಲೇ ಮಾಡೋಣವೆಂದರೆ, ಆ ದ್ವೀಪದಲ್ಲಿ ತಂತಿ ಸಮಾಚಾರದ ಏಕಸ್ವಾಮ್ಯ ಪಡೆದಿದ್ದ ಆಂಗ್ಲೋ-ಅಮೆರಿಕನ್ ಟೆಲಿಗ್ರಾಫ್ ಕಂಪನಿ ಮೊಕದ್ದಮೆಯ ಬೆದರಿಕೆ ಹಾಕಿತು. ಮಾರ್ಕೋನಿ ಗಂಟುಮೂಟೆ ಕಟ್ಟಬೇಕಾಯಿತು. ಪತ್ರಿಕೆಗಳು ಜಯಘೋಷ ಮಾಡಿದವು. ಮಿಂಚಿನ ಗೊರಗೊರವನ್ನೇ ಸಂಕೇತವೆಂದು ಭ್ರಮಿಸಿರಬಹುದು ಎಂದು ಆಗಲೇ ಕೆಲವರು ಗೊಣಗಿದರು. ಮುಸ್ಸಂಜೆಯ ಸಂತೆಯಲ್ಲಿ ಬೇಕಾದ ದನಿಯನ್ನು ಹುಡುಕಿದ ಯಾರಿಗಾದರೂ ಗೊತ್ತು: ಗೊರಗೊರದೊಳಗೆ ಮನಸ್ಸು ಬಯಸಿದ್ದೆಲ್ಲ ಕೇಳಿಸುತ್ತದೆ.

ಆಕ್ಷೇಪಣೆಗೆ ಉತ್ತರ ಕೊಡಲೆಂದೇ ಮಾರ್ಕೋನಿ 1902ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದನು. ಈ ಸಲ ಶ್ರುತಿ ಮಾಡಿದ ಗ್ರಾಹಕ, ಹಡಗಿನ ಎತ್ತರದ ಕಂಬಕ್ಕೆ ಬಿಗಿದ ಭದ್ರವಾದ ತಂತಿ, ಸಂಕೇತಗಳನ್ನು ಪಟ್ಟಿಯ ಮೇಲೆ ಮುದ್ರಿಸುವ ಯಂತ್ರ. ಸಾಕ್ಷಿಗೆ ಹಡಗಿನ ಕಪ್ತಾನನ ಸಹಿ. ರಾತ್ರಿಯಲ್ಲಿ 1,500 ಮೈಲಿಗೂ ಮಿಕ್ಕಿದ ದೂರದಿಂದ ಪೂರ್ಣ ಸಂದೇಶಗಳು ಮುದ್ರಿತವಾದವು. ಎಸ್ ಅಕ್ಷರದ ಮೂರು ಚುಕ್ಕೆಗಳು 2,000 ಮೈಲಿ ದಾಟಿಯೂ ಬಂದವು. ಅದರ ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ದಾಖಲಾಯಿತು. ಹಗಲಿನಲ್ಲಿ ಸುಮಾರು 700 ಮೈಲಿ ಕಳೆಯುತ್ತಲೇ ಸಂಕೇತ ಪೂರ್ತಿಯಾಗಿ ನಿಂತು ಹೋಗುತ್ತಿತ್ತು!

ಈ ಫಲಿತಾಂಶವನ್ನು ಮಾರ್ಕೋನಿ ಮುಚ್ಚಿಡಲಿಲ್ಲ. ಆತ ವ್ಯಾಪಾರಿ ಎಂದು ಜರೆಯುವವರು ಇದನ್ನು ಮರೆಯಬಾರದು. ದೂರದ ಸಂಕೇತಗಳ ಮೇಲೆ ಹಗಲಿನ ಬೆಳಕಿನ ಪರಿಣಾಮವನ್ನು ಕುರಿತು ರಾಯಲ್ ಸೊಸೈಟಿಗೆ ಅದೇ ವರ್ಷ ಒಂದು ಟಿಪ್ಪಣಿಯನ್ನೇ ಬರೆದು ಕಳಿಸಿದನು. ಬಿಸಿಲಿಗೆ ಪ್ರೇಷಕದ ತಂತಿಯಿಂದಲೇ ವಿದ್ಯುತ್ತು ಸೋರಿ ಹೋಗುತ್ತಿರಬಹುದು ಎಂಬ ಆತನ ವಿವರಣೆ ತಪ್ಪಾಗಿತ್ತು. ಆದರೆ ಗಮನಿಸಿದ ಸಂಗತಿ ಶುದ್ಧ ಸತ್ಯ. ಒಳ್ಳೆಯ ಗ್ರಾಹಕಕ್ಕೆ ಹಗಲಿನಲ್ಲಿ 700 ಮೈಲಿಯ ಆಚೆಯದು ಕೇಳಿಸದಿದ್ದರೆ, ಗಾಳಿಪಟದ ಕೆಳಗಿನ ಒರಟು ಗ್ರಾಹಕಕ್ಕೆ ಎರಡು ತಿಂಗಳ ಹಿಂದೆ ಅದರ ಮೂರು ಪಟ್ಟು ದೂರದ್ದು ಕೇಳಿಸಿದ್ದು ಹೇಗೆ? ಸಮುದ್ರ ರಾಜಮಾರ್ಗವೇ ಸರಿ. ಆದರೆ ಭೂಮಿಯ ಬಾಗನ್ನು ಸುತ್ತಿಕೊಂಡು ಅಷ್ಟು ದೂರ ಹೊತ್ತೊಯ್ಯಲು ಅದಕ್ಕೂ ಸಾಧ್ಯವಿಲ್ಲ.

ನನ್ನ ತರಗತಿಯ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಇದೇ.

ಕಾರಣ ತಿಳಿಯಲು ಎರಡು ದಶಕಗಳೇ ಹಿಡಿದವು. ತರಂಗಗಳನ್ನು ಕೆಳಕ್ಕೆ ಮರಳಿಸುವ ವಿದ್ಯುದಾವೇಶದ ಪದರವೊಂದು ಎತ್ತರದ ವಾತಾವರಣದಲ್ಲಿರಬೇಕೆಂದು ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್ 1902ರಲ್ಲಿಯೇ ಊಹಿಸಿದರು. 1924ರ ಡಿಸೆಂಬರ್‌ನಲ್ಲಿ ಬಿಬಿಸಿಯ ಬೋರ್ನ್‌ಮತ್ ಪ್ರೇಷಕವನ್ನು ಬಳಸಿಕೊಂಡು ಆಪಲ್‌ಟನ್ ಮತ್ತು ಬಾರ್ನೆಟ್ ಅದರ ಎತ್ತರವನ್ನು ಅಳೆದರು; ಆಪಲ್‌ಟನ್‌ಗೆ 1947ರಲ್ಲಿ ನೊಬೆಲ್ ಬಂತು. ಕಲ್ಕತ್ತೆಯಲ್ಲಿ ಶಿಶಿರ್ ಕುಮಾರ್ ಮಿತ್ರ ಅವರೂ ಶಿಷ್ಯರೊಡನೆ ಇದೇ ಪದರಗಳ ಬೆನ್ನು ಹತ್ತಿದರು. ಮೇಲಿನ ವಾತಾವರಣವನ್ನು ಕುರಿತ ಅವರ 1947ರ ಗ್ರಂಥವನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಓದಿದರು.

ಹಗಲಿನ ಮೌನಕ್ಕೆ ಕಾರಣ ಈ ಪದರಗಳಲ್ಲಿ ಅತ್ಯಂತ ಕೆಳಗಿನದು. 60ರಿಂದ 90 ಕಿಲೋಮೀಟರ್ ಎತ್ತರದ ಅದಕ್ಕೆ ಡಿ ಪದರವೆಂದು ಹೆಸರು. ಸೂರ್ಯನ ಕಿರಣಗಳಿಂದ ಅಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಆದರೆ ಗಾಳಿ ಅಲ್ಲಿ ಇನ್ನೂ ದಟ್ಟವಾಗಿರುವುದರಿಂದ, ಮಧ್ಯಮ ತರಂಗ ಬಂದು ಎಲೆಕ್ಟ್ರಾನನ್ನು ಅಲುಗಾಡಿಸಿದರೆ ಅದು ಪಕ್ಕದ ಅಣುವಿಗೆ ಡಿಕ್ಕಿ ಹೊಡೆದು ತರಂಗದ ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುತ್ತದೆ. ಮೇಲಿನ ಪದರದವರೆಗೆ ಹೋಗಿ ಮರಳಿ ಬರಬೇಕಾದ ದನಿ ದಾರಿಯಲ್ಲೇ ಅರಗಿ ಹೋಗುತ್ತದೆ. ಕಿರುತರಂಗಗಳು ಹೆಚ್ಚು ವೇಗವಾಗಿ ಅಲುಗಾಡುವುದರಿಂದ ಅಷ್ಟಾಗಿ ಸಿಕ್ಕಿಬೀಳದೆ ದಾಟಿಬಿಡುತ್ತವೆ; ರೇಡಿಯೋ ಸಿಲೋನಿನ ಗುಟ್ಟು ಅದೇ. ಸೂರ್ಯ ಮುಳುಗಿದರೆ ಡಿ ಪದರ ಬಹುಬೇಗ ಅಳಿದುಹೋಗುತ್ತದೆ. ಮಾವನವರ ಜಗಲಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸಂತೆ ನೆರೆಯುತ್ತಿದ್ದುದು ಹಾಗೆ.

ಇಷ್ಟನ್ನು ನಾನು ತಿಳಿದುಕೊಂಡದ್ದು ಆ ಹುಡುಗನನ್ನು ಕುಳ್ಳಿರಿಸಿದ ಮೇಲೆ, ಜಿಲ್ಲಾ ಗ್ರಂಥಾಲಯದಲ್ಲಿ ಒಂದು ದಿನ ಕಳೆದು. ಅಲ್ಲಿ ಓದಿದ ಒಂದು ಸಾಲು ತಲೆಯಲ್ಲಿ ಉಳಿದುಬಿಟ್ಟಿತು: ಸೂರ್ಯಗ್ರಹಣದಲ್ಲೂ ಈ ಪದರ ತೆಳುವಾಗುತ್ತದೆ, 1912ರ ಏಪ್ರಿಲ್ 17ರ ಗ್ರಹಣದಲ್ಲಿ ಎಕ್ಲ್ಸ್ ಎಂಬ ವಿಜ್ಞಾನಿ ದೂರದ ಸಂಕೇತಗಳು ಬದಲಾದುದನ್ನು ಗಮನಿಸಿದ್ದನು.

ಕೆಲವೇ ತಿಂಗಳಲ್ಲಿ, 1980ರ ಫೆಬ್ರವರಿ 16ರ ಶನಿವಾರ, ಆ ಗ್ರಹಣ ನಮ್ಮ ತಲೆಯ ಮೇಲೇ ಬಂತು. ಅರಬ್ಬೀ ಸಮುದ್ರವನ್ನು ದಾಟಿದ ಚಂದ್ರನ ನೆರಳು ಅಂಕೋಲೆ ಕಾರವಾರಗಳ ದಡದಲ್ಲೇ ಭಾರತದ ನೆಲವನ್ನು ಮುಟ್ಟಿ, ರಾಯಚೂರಿನ ಮೇಲೆ ಹಾದು ಒರಿಸ್ಸಾದ ಕರಾವಳಿಗೆ ಹೋಯಿತು. ಆ ದಿನ ಊರಿನಲ್ಲಿ ನಾಯಿಯೂ ಬೀದಿಯಲ್ಲಿರಲಿಲ್ಲ. ಬಾಗಿಲು ಕಿಟಕಿಗಳನ್ನು ಮುಚ್ಚಿ, ನೀರಿನ ಹಂಡೆಗೆ ದರ್ಭೆ ಹಾಕಿ ಎಲ್ಲರೂ ಒಳಗೆ. ನಾನು ಮಾತ್ರ ಹಿತ್ತಿಲ ಕಟ್ಟೆಯ ಮೇಲೆ ಟ್ರಾನ್ಸಿಸ್ಟರನ್ನು ಇಟ್ಟುಕೊಂಡು ಕುಳಿತಿದ್ದೆನು. ತಾಯಿಯವರು ಒಳಗಿನಿಂದ ಬೈಯುತ್ತಿದ್ದುದು ಕೇಳಿಸುತ್ತಿತ್ತು. ಹಗಲಿನಲ್ಲಿ ಏನೂ ಬಾರದ ಒಂದು ಖಾಲಿ ಜಾಗವನ್ನು ಹಿಂದಿನ ಮೂರು ಮಧ್ಯಾಹ್ನ ಪರೀಕ್ಷಿಸಿ, ಗಾಜಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡಿದ್ದೆನು.

ಮೂರೂವರೆಯ ನಂತರ ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಕಾಗೆಗಳು ಮರಕ್ಕೆ ಮರಳಿದವು. ಪೂರ್ಣಗ್ರಾಸ ಮೂರು ನಿಮಿಷವೂ ಇರಲಿಲ್ಲ. ಅದು ಮುಗಿಯುವ ಹೊತ್ತಿಗೆ ಗುರುತಿನ ಜಾಗದ ಗೊರಗೊರದ ಅಡಿಯಿಂದ ಒಂದು ಹೆಂಗಸಿನ ದನಿ ಮೇಲೆದ್ದಿತು. ನನಗೆ ತಿಳಿದ ಯಾವ ಭಾಷೆಯೂ ಅದಾಗಿರಲಿಲ್ಲ. ಸುದ್ದಿ ಓದುವವರ ಧಾಟಿ. ಒಂದು ನಿಮಿಷವಿರಬಹುದು, ಎರಡು ಇರಬಹುದು. ಬಿಸಿಲು ಮರಳಿದಂತೆ ದನಿ ಮುಳುಗಿ ಹೋಯಿತು.

ಸೋಮವಾರ ಶಾಲೆಯಲ್ಲಿ ಹೇಳಿದೆನು. ಸಹೋದ್ಯೋಗಿಗಳು ಮುಗುಳ್ನಕ್ಕರು. ಗ್ರಹಣದಲ್ಲಿ ಹೊರಗೆ ಕುಳಿತರೆ ಕಿವಿಯಲ್ಲಿ ಏನೇನೋ ಕೇಳಿಸುತ್ತದೆ ಎಂದರು ಒಬ್ಬರು. ನನ್ನ ಬಳಿ ಸಾಕ್ಷಿ ಏನಿತ್ತು? ಟೇಪ್ ರೆಕಾರ್ಡರ್ ಇರಲಿಲ್ಲ. ಜೊತೆಗೆ ಕೆಂಪ್ ಕೂಡ ಇರಲಿಲ್ಲ. ಕೇಳಿಸಬೇಕೆಂದು ಬಯಸಿ ಕುಳಿತಿದ್ದವನೂ ನಾನೇ. ಮಾರ್ಕೋನಿಯ ಪಾಠವನ್ನು ಅದರ ನಂತರ ನಾನು ಹಿಂದಿನಷ್ಟು ಧೈರ್ಯದಿಂದ ಮಾಡಲಿಲ್ಲ. ಆದರೂ ಪುಸ್ತಕದ ವಾಕ್ಯವನ್ನೇ ಬರೆಸಿದೆನು. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ ಅಲ್ಲವೇ.

ಈಗ ಎರಡೂ ಪಕ್ಷದ ವಾದವನ್ನು ಹೇಳಿಬಿಡುತ್ತೇನೆ. ಮಾರ್ಕೋನಿಯ ಪರವಾಗಿ ಹೇಳುವವರು, ಅದು ಚಳಿಗಾಲ, ಉತ್ತರದ ಸಮುದ್ರದ ಮೇಲೆ ಬಿಸಿಲು ಓರೆ, ಆ ವರ್ಷ ಸೂರ್ಯನ ಕಲೆಗಳೂ ಅತಿ ಕಡಿಮೆ, ಆದುದರಿಂದ ಡಿ ಪದರ ದುರ್ಬಲವಾಗಿದ್ದಿರಬೇಕು ಎನ್ನುತ್ತಾರೆ. ಅದಕ್ಕಿಂತ ಬಲವಾದ ವಾದ ಇನ್ನೊಂದಿದೆ. ಕಿಡಿಯ ಪ್ರೇಷಕ ಒಂದೇ ತರಂಗವನ್ನು ಹೊರಡಿಸುವುದಿಲ್ಲ. ಅದರಿಂದ ಕಿರುತರಂಗಗಳೂ ಚಿಮ್ಮಿರಬಹುದು, ಶ್ರುತಿಯಿಲ್ಲದ ಗ್ರಾಹಕ ಯಾವುದನ್ನಾದರೂ ಹಿಡಿದಿರಬಹುದು. ಹಾಗಾದರೆ ಫಿಲಡೆಲ್ಫಿಯಾದ ಶ್ರುತಿ ಮಾಡಿದ ಉತ್ತಮ ಗ್ರಾಹಕಕ್ಕೆ ಅದು ಕೇಳಿಸದೆ ಇದ್ದದ್ದೂ ಸರಿಹೋಗುತ್ತದೆ! ಎದುರು ಪಕ್ಷದವರು ಗಡಿಯಾರವನ್ನು ತೋರಿಸುತ್ತಾರೆ. ಸೇಂಟ್ ಜಾನ್ಸ್‌ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕಾರ್ನ್‌ವಾಲ್‌ನಲ್ಲಿ ಸೂರ್ಯ ಮುಳುಗಿ ಒಂದು ಗಂಟೆಗೂ ಮಿಕ್ಕಿತ್ತು. ಬಂದದ್ದು ಪೋಲ್ಡುವಿನ ಮಧ್ಯಮ ತರಂಗವೇ ಆಗಿದ್ದರೆ ಹೊತ್ತು ಕಳೆದಂತೆ ಅದು ಬಲಗೊಳ್ಳಬೇಕಿತ್ತು; ಆ ದಿನದ ಟಿಪ್ಪಣಿಗಳಲ್ಲಿ ಅಂಥ ಮಾತಿಲ್ಲ.

ನನಗೆ ಕಿರುತರಂಗದ ವಾದವೇ ಹಿಡಿಸುತ್ತದೆ. ಆದರೆ ಹಿತ್ತಿಲ ಕಟ್ಟೆಯ ಮೇಲೆ ಕುಳಿತಿದ್ದವನ ಒಲವು ಅದರಲ್ಲಿ ಬೆರೆತಿರಬಹುದೆಂಬುದನ್ನು ಓದುಗರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಿದ್ದುಪಡಿ ಇಷ್ಟು: "ಕೇಳಿಸಿಕೊಂಡನು" ಎಂಬಲ್ಲಿ "ಕೇಳಿಸಿತೆಂದು ಮಾರ್ಕೋನಿ ಮತ್ತು ಕೆಂಪ್ ಹೇಳಿದರು" ಎಂದು ಓದಿಕೊಳ್ಳಿ. ಸಂದೇಹಕ್ಕೆ ಎಡೆಯಿಲ್ಲದ ದಿನ ಬೇಕೆಂದರೆ 1902ರ ಡಿಸೆಂಬರ್ ಇದೆ. ಆಗ ಕೆನಡಾದ ಗ್ಲೇಸ್ ಬೇ ಕೇಂದ್ರದಿಂದ ಇಂಗ್ಲೆಂಡಿಗೆ ಪೂರ್ಣ ಸಂದೇಶಗಳೇ ಹೋದವು.

ಹಿಂದಿನ ಬೆಂಚಿನ ಹುಡುಗನೇ, ನೀನು ಈಗ ಎಲ್ಲಿರುವೆಯೋ ತಿಳಿಯದು. ಐವತ್ತು ದಾಟಿ ಬಹಳ ವರ್ಷಗಳಾಗಿರಬೇಕು. ಇದು ನಿನ್ನ ಕಣ್ಣಿಗೆ ಬಿದ್ದರೆ ಎರಡು ಸಾಲು ಬರೆ. ಆ ಟ್ರಾನ್ಸಿಸ್ಟರ್ ಮಾತನಾಡುವುದನ್ನು ನಿಲ್ಲಿಸಿ ಬಹುಕಾಲವಾಯಿತು. ಗಾಜಿನ ಮೇಲಿನ ಪೆನ್ಸಿಲ್ಲಿನ ಗೆರೆ ಮಾತ್ರ ಅಳಿಸಿಲ್ಲ. ಗ್ರಹಣದ ಮರುದಿನ ರಾತ್ರಿ ಆ ಗೆರೆಗೆ ಮುಳ್ಳನ್ನು ತಂದು ಮತ್ತೆ ಕೇಳಿದ್ದೆನು. ಅಲ್ಲಿ ಮೂರು ನಾಲ್ಕು ಕೇಂದ್ರಗಳು ಒಂದರ ಮೇಲೊಂದು ಬಿದ್ದು ಮಾತನಾಡುತ್ತಿದ್ದವು. ಅವುಗಳಲ್ಲಿ ಆ ಹೆಂಗಸಿನ ದನಿ ಯಾವುದೆಂದು ಗುರುತಿಸಲು ಆಗಲಿಲ್ಲ.